ಅನ್ನವ್ವನ ಊರಿನ ನಕಾಶೆ

ನಮ್ಮತ್ತೆ ಅನ್ನವ್ವನಿಗೆ ತನ್ನ ತವರೂರಿನ ಹೆಸರು ಗೊತ್ತಿರಲಿಲ್ಲ. ಇಚಲಕರಂಜಿಯ ಶಹಾಪುರದಲ್ಲಿ, ನಮ್ಮ ಓಣಿಯ ನಳದ ಹತ್ತಿರ ನೀರಿಗೆ ನಿಂತ ಹೆಂಗಸರು ಇದನ್ನೊಂದು ಮೋಜು ಮಾಡಿಕೊಂಡಿದ್ದರು. "ಅನ್ನವ್ವಾಯಿ, ಪಂಚಮಿಗೆ ಯಾವ ಊರಿಗೆ ಹೊಂಟೀರಿ?" ಅಂತ ಒಬ್ಬಳು ಕೇಳುವುದು, ಉಳಿದವರು ಸೆರಗು ಬಾಯಿಗಿಟ್ಟು ನಗುವುದು. ಅರವತ್ತು ದಾಟಿದ ಮುದುಕಿಯನ್ನು ಹೀಗೆ ಕೆಣಕಿ ಖುಷಿಪಡುವ ಜನರನ್ನು ಕಂಡರೆ ನನಗೆ ಆಗಲೂ ಹೇಸಿಗೆ, ಈಗಲೂ ಹೇಸಿಗೆ. ಅತ್ತೆ ಮಾತ್ರ ಕೊಡ ತುಂಬಿಕೊಂಡು ಬಂದು ಕಾಂಡಿ ಸುತ್ತಲು ಕೂಡುತ್ತಿದ್ದಳು. ಪವರ್‌ಲೂಮಿನ ಶೆಡ್ಡುಗಳಿಗೆ ನೂಲಿನ ಕಾಂಡಿ ಸುತ್ತಿಕೊಡುವುದರಲ್ಲೇ ಆಕೆಯ ಆಯುಷ್ಯ ಕಳೆದಿತ್ತು.

ಆಕೆ ಏಳೆಂಟು ವರ್ಷದವಳಿದ್ದಾಗ ಗಡಹಿಂಗ್ಲಜದ ಆಚೆ ಎಲ್ಲೋ ಒಂದು ಸಣ್ಣ ವಾಡಿಗೆ ಪ್ಲೇಗು ಬಡಿಯಿತು. ತಾಯಿ ಮೊದಲೇ ತೀರಿದ್ದಳು. ತಂದೆ ರಾಯಪ್ಪನೂ ಹೋದ. ಕೊರೋಚಿಯಿಂದ ಓಡಿಬಂದ ಸೋದರಮಾವ ಒಬ್ಬನೇ ಕುಣಿ ತೋಡಿ, ಹೆಣ ಇಟ್ಟು ಮುಚ್ಚಿ, ನರಿಗಳು ಕೆದರಬಾರದೆಂದು ಮನೆಯ ಬೀಸುಕಲ್ಲನ್ನೇ ಅದರ ಮೇಲೆ ಬೋರಲು ಹಾಕಿ, ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಂದ. ಬದುಕಿ ಉಳಿದವರು ದಿಕ್ಕಿಗೊಬ್ಬರಾದರು. ಪ್ಲೇಗಿನ ಊರಿನ ಹೆಸರೆತ್ತಿದರೆ ಬೇನೆ ಬೆನ್ನು ಹತ್ತಿ ಬರುತ್ತದೆಂದು ಕೊರೋಚಿಯ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಸ್ವಲ್ಪ ದಿನಕ್ಕೆ ಆ ಸೋದರಮಾವನೂ ಸತ್ತ. ಹುಡುಗಿಗೆ ಅದು ಬರೀ "ನಮ್ಮೂರು". ಊರಿಗೆ ಬೇರೆ ಹೆಸರಿರುತ್ತದೆಂದು ಆ ಕೂಸಿಗೇನು ಗೊತ್ತು?

"ನಮ್ಮಪ್ಪನ ಕುಣಿಯಾಗ ಒಂದ ಎಲಿ ಪತ್ರಿ ಸೈತ ಬಿದ್ದಿಲ್ಲ. ಅಯ್ಯನವರಿಲ್ಲ, ವಿಭೂತಿ ಇಲ್ಲ, ನಾಯಿ ಹುಗದಂಗ ಹುಗದ ಬಂದೀವಿ," ಅಂತ ಆಕೆ ಆಗಾಗ ಹೇಳುತ್ತಿದ್ದಳು. ಸಾಯುವುದರೊಳಗೆ ಒಮ್ಮೆ ಆ ಕುಣಿಯ ಮೇಲೆ ವಿಭೂತಿ, ಬಿಲ್ವಪತ್ರಿ ಇಟ್ಟು ನೀರು ಹಾಕಬೇಕು. ಆಕೆಗೆ ಇದ್ದದ್ದು ಇದೊಂದೇ ಆಸೆ.

ಇದು ಮಗನ ತಲೆಗೆ ಹತ್ತಿತು. ಮಗ ಅಂದರೆ ನಮ್ಮ ಮನೆಯವರು. ಗಂಡನ ಹೆಸರನ್ನು ಬಾಯಿಂದ ಹೇಳಬಾರದು, ಬರೆದರೆ ದೋಷವಿಲ್ಲ: ಗುರುಸಿದ್ದ. ನೂಲಿನ ವ್ಯಾಪಾರಿಯೊಬ್ಬರ ಹತ್ತಿರ ಕಾರಕೂನರು. ಲಡಾಯಿಯ ಕಾಲದಲ್ಲಿ ರಸ್ತೆ ಅಳೆಯುವವರ ಕೈಕೆಳಗೆ ದುಡಿದಿದ್ದರಿಂದ ನಕಾಶೆ ಓದಲು ಬರುತ್ತಿತ್ತು. ೧೯೬೦ರ ಬೇಸಿಗೆಯಲ್ಲಿ ನೂಲು ತರಲು ಕೊಲ್ಹಾಪುರಕ್ಕೆ ಹೋದವರು ಅಲ್ಲಿಯ ರದ್ದಿ ಅಂಗಡಿಯಿಂದ ಇಂಗ್ರೇಜರ ಕಾಲದ ಒಂದು ಸರ್ವೇ ನಕಾಶೆ ತಂದರು. ಬಟ್ಟೆಯ ಮೇಲೆ ಕಾಗದ ಅಂಟಿಸಿದ್ದು. ಇಲಿ ಉಚ್ಚೆ ಹೊಯ್ದ ನಾತ, ಅಂಟಿನ ತುಂಬ ಹುಳ. ಅದನ್ನು ಉಣ್ಣುವ ಜಾಗದಲ್ಲೇ ಹಾಸಿಕೊಂಡು ಕೂತರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

"ಪ್ಲೇಗಿಗಿಂತ ಮೊದಲ ಅಳದ ನಕಾಶಿ ಇದು. ಆಮ್ಯಾಲೆ ಹಾಳಾದ ಊರೂ ಇದರಾಗ ಇರತಾವ," ಅಂದರು.

"ಪ್ಲೇಗ ತಂದ ಇಲಿನೂ ಇದರಾಗ ಅದಾವ. ಹೊರಗ ಒಯ್ರಿ," ಅಂದೆ.

ಯಾರು ಕೇಳಬೇಕು? ರಜೆ ಬಂತೆಂದರೆ ತಾಯಿ ಒಂದು ಕಡೆ, ಮಗ ಒಂದು ಕಡೆ, ನಡುವೆ ಆ ನಾತದ ಬಟ್ಟೆ. ನಕಾಶೆಯ ಮೇಲೆ ಹಳ್ಳಕ್ಕೆ ನೀಲಿ ಗೆರೆ, ಏರುತಗ್ಗಿಗೆ ಕಂದು ಗೆರೆ, ಮನೆಗಳಿಗೆ ಕರೀ ಚೌಕ. ಆದರೆ ಹೆಸರೇ ಗೊತ್ತಿಲ್ಲದ ಊರನ್ನು ಹುಡುಕುವುದು ಹೇಗೆ?

"ಅವ್ವಾ, ಮನಿ ಬಾಗಲದಾಗ ನಿಂತ್ರ ಏನ ಕಾಣತಿತ್ತು?"

"ಹೊತ್ತ ಮುಳಗೂವಾಗ ಸಾಮಾನಗಡ ಕಾಣತಿತ್ತು. ಗಡದ ಹಿಂದ ಹೊತ್ತ ಇಳೀತಿತ್ತು."

"ಅಂದ್ರ ಗಡದ ಮೂಡಲಕ್ಕ ಐತಿ. ಬಾವಿ ಎಲ್ಲಿತ್ತು?"

"ಕೆಳಗ. ಹೋಗೂವಾಗ ಇಳಕಲ, ಬರೂವಾಗ ಏರು. ಕೊಡ ಹೊತ್ತ ಸೊಂಟಕ್ಕ ಇನ್ನೂ ನೆನಪೈತೆಪಾ. ಬಾವಿ ಮುಂದ ಎರಡ ಹಳ್ಳ ಕೂಡತಿದ್ದೂವು."

ಹೀಗೆ ತಿಂಗಳುಗಟ್ಟಲೆ. ಸಾಮಾನಗಡದ ಕೋಟೆಯ ಮೂಡಣಕ್ಕೆ ಹಳ್ಳ ಕೂಡುವ ಜಾಗಗಳನ್ನೆಲ್ಲ ನೋಡಿ, ಬಾವಿ ಇಲ್ಲದವನ್ನು ಬಿಟ್ಟು, ಏರು ತಪ್ಪಿದವನ್ನು ಬಿಟ್ಟು, ಕಡೆಗೊಂದು ದಿನ ಮನೆಯವರು ನಾಲ್ಕು ಕರೀ ಚೌಕಗಳ ಮೇಲೆ ಬೆರಳಿಟ್ಟರು. ಅದಕ್ಕೆ ಹೆಸರು ಬರೆದಿರಲಿಲ್ಲ. ಅಷ್ಟು ಸಣ್ಣ ವಾಡಿಗೆ ಹೆಸರು ಬರೆಯಲು ಇಂಗ್ರೇಜನಿಗೂ ಬೇಸರ ಬಂದಿರಬೇಕು. ಅತ್ತೆ ಕೈ ಒರೆಸಿಕೊಂಡು ಬಂದು ಆ ಚೌಕಗಳನ್ನು ಮುಟ್ಟಿದಳು. "ಇಷ್ಟ ಸಣ್ಣದಿತ್ತನ?" ಅಂದಳು. ಆಮೇಲೆ ಒಳಗೆ ಹೋಗಿ ಅತ್ತಳು. ನನಗೂ ಕಣ್ಣು ತುಂಬಿ ಬಂತು.

ಮರು ಬೇಸಿಗೆಯಲ್ಲಿ ಮನೆಯವರು ನಕಾಶೆ ಸುತ್ತಿಕೊಂಡು ಒಬ್ಬರೇ ಹೋದರು. ಆ ಭಾಗದಲ್ಲಿ ನಮಗಿದ್ದ ಬಳಗವೆಂದರೆ ಅಣ್ಣಾಸಾಹೇಬ, ಸತ್ತ ನಮ್ಮ ಮಾವನವರ ತಂಗಿಯ ಮಗ. ಕಬ್ಬು ಬೆಳೆಯುವವ. ಬಾಯಲ್ಲಿ ಸದಾ ತಂಬಾಕು. ಉಗುಳಲು ಜಾಗ ಸಿಗದಿದ್ದರೆ ಮಾತಾಡುತ್ತಿದ್ದವರ ಕಾಲ ಹತ್ತಿರವೇ ಉಗುಳುವವ. ಅವನ ಊರಿನ ಮಗ್ಗುಲಲ್ಲೇ ಆ ಜಾಗವಿತ್ತು. ಜನ ಅದನ್ನು ಬ್ಯಾನಿಮಡ್ಡಿ ಅನ್ನುತ್ತಿದ್ದರು. ಕಳ್ಳಿ ಬೆಳೆದ ದಿಬ್ಬ. ಅಲ್ಲಿ ಬೇನೆಯ ದೆವ್ವ ಇದೆಯೆಂದು ಕುರಿಯವರು ಕೂಡ ಕುರಿ ಬಿಡುತ್ತಿರಲಿಲ್ಲ. ಮನೆಯವರು ಕಳ್ಳಿ ಸರಿಸಿ ಗೋಡೆಯ ಬುಡ ಕಂಡರು, ಮುಚ್ಚಿಹೋದ ಬಾವಿ ಕಂಡರು, ಹಳ್ಳದ ದಂಡೆಯ ಮೇಲೆ ಬೋರಲು ಬಿದ್ದ ಬೀಸುಕಲ್ಲನ್ನೂ ಕಂಡರು. ಅದರ ಅಂಚು ಒಂದು ಕಡೆ ಅಂಗೈಯಷ್ಟು ಒಡೆದಿತ್ತಂತೆ. ಅವ್ವ ಬಂದು ಪೂಜೆ ಮಾಡುವ ತನಕ ಏನೂ ಮುಟ್ಟಬಾರದೆಂದು ಕೈಮುಗಿದು ಬಂದರು.

ಇಷ್ಟಕ್ಕೆ ಸುಮ್ಮನೆ ಬಂದಿದ್ದರೆ ಆಗುತ್ತಿತ್ತು. ಆದರೆ ನಮ್ಮವರಿಗೆ ಪಂಡಿತಿಕೆ ಉಕ್ಕಿ ಬಂತು. ಊರ ಕಟ್ಟೆಯ ಮೇಲೆ ನಕಾಶೆ ಬಿಚ್ಚಿ, ಹತ್ತು ಜನರನ್ನು ಕೂಡಿಸಿ, "ಅಲ್ಲಿ ದೆವ್ವಿಲ್ಲ, ಬ್ಯಾನಿ ಇಲ್ಲ. ಅರವತ್ತ ವರ್ಷ ಆತು. ನೋಡ್ರಿ, ಇವು ಮನಿ, ಇದು ಬಾವಿ. ಹಳ್ಳದ ದಂಡಿಗೆ ನಮ್ಮಜ್ಜನ ಕುಣಿ. ನಮ್ಮವ್ವ ಆಡಿ ಬೆಳದ ಊರದು," ಅಂತ ತಿಳಿಹೇಳಿದರಂತೆ. ಅಣ್ಣಾಸಾಹೇಬ ಕೇಳಿದನಂತೆ: "ಅಂದ್ರ ದಿಬ್ಬ ಪೂರಾ ಹಾಳೂರನ ಅನ್ರಿ?" ಇವರು ಬೆರಳಿನಿಂದ ಗೆರೆ ಎಳೆದು, ಇಲ್ಲಿಂದ ಇಲ್ಲಿಯ ತನಕ ಪೂರಾ, ಅಂತ ತೋರಿಸಿಕೊಟ್ಟರಂತೆ. ಮನೆಗೆ ಬಂದು ಇದನ್ನು ನನಗೆ ಹೆಮ್ಮೆಯಿಂದ ಹೇಳಿದರು. ಮೂಢನಂಬಿಕೆ ಬಿಡಿಸಿದೆನೆಂದು ಮೀಸೆ ಬೇರೆ ಸವರಿಕೊಂಡರು.

ಹಾಳೂರಿನ ಮಣ್ಣು ಅಂದರೆ ಏನೆಂದು ನೂಲಿನ ಕಾರಕೂನನಿಗೆ ಗೊತ್ತಿರಲಿಲ್ಲ. ತಲೆತಲಾಂತರದಿಂದ ಸೆಗಣಿ, ಒಲೆಯ ಬೂದಿ, ದನದ ಉಚ್ಚೆ, ಕುಸಿದ ಗೋಡೆ ಎಲ್ಲ ಕೂಡಿ ಬೆಳ್ಳಗಾದ ಮಣ್ಣು ಅದು. ಹೊಲಕ್ಕೆ ಹಾಕಿದರೆ ಅದರಂಥ ಗೊಬ್ಬರವಿಲ್ಲ. ನಮ್ಮ ಕಡೆ ಹಾಳೂರು ಕಂಡರೆ ಬಂಡಿ ಹೂಡುತ್ತಾರೆ. ಬ್ಯಾನಿಮಡ್ಡಿ ಅಷ್ಟು ವರ್ಷ ಉಳಿದದ್ದು ದೆವ್ವದ ಹೆದರಿಕೆಯಿಂದ. ಆ ಹೆದರಿಕೆಯನ್ನು ನಮ್ಮವರೇ ಕಟ್ಟೆಯ ಮೇಲೆ ಕೂತು ಬಿಡಿಸಿ ಬಂದಿದ್ದರು.

ಅತ್ತೆಯನ್ನು ಕೂಡಲೇ ಕರೆದೊಯ್ಯಲಾಗಲಿಲ್ಲ. ಆ ಮಳೆಗಾಲ ಆಕೆ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಗೋಡೆ ಹಿಡಿದು ನಡೆಯಲು ಕಲಿಯುವಷ್ಟರಲ್ಲಿ ಒಂದೂವರೆ ವರ್ಷ ಹೋಯಿತು. ೧೯೬೩ರ ಸಂಕ್ರಾಂತಿ ಮುಗಿದ ಮೇಲೆ ಮೂವರೂ ಹೊರಟೆವು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರಿ ಆಕೆಯ ಮಡಿಲಲ್ಲಿತ್ತು. ಎಸ್‌ಟಿ ಬಸ್ಸು ಕುಲುಕಿದಾಗಲೆಲ್ಲ ಅದನ್ನು ಕೂಸಿನಂತೆ ಅವಚಿಕೊಳ್ಳುತ್ತಿದ್ದಳು.

ಸಂಜೆ ಅಣ್ಣಾಸಾಹೇಬನ ಮನೆ ಮುಟ್ಟಿದೆವು. ಅವನ ಹೆಂಡತಿ ಮಾಣಿಕಬಾಯಿ ಅಂಗಳದಲ್ಲಿ ಕಾಲಿಗೆ ನೀರು ಕೊಟ್ಟಳು. ಅತ್ತೆ ನನ್ನ ಹೆಗಲು ಹಿಡಿದು ಕಲ್ಲಿನ ಮೇಲೆ ನಿಂತು ಕಾಲು ತೊಳೆದುಕೊಂಡಳು. ಹಿಂದೆ ನಿಂತಿದ್ದ ಮನೆಯವರ ಮುಖ ಕಪ್ಪಿಟ್ಟಿತು.

"ಈ ಕಲ್ಲ ಎಲ್ಲೀದು?"

"ಮಡ್ಡಿ ಮ್ಯಾಲಿಂದರಿ," ಅಂದಳು ಮಾಣಿಕಬಾಯಿ. "ಒಡದ ಬೀಸೂಕಲ್ಲ. ಕಾಲ ತೊಳಿಯಾಕ ಚಲೋ ಆತು ಅಂತ ತಂದಾರ."

ಅತ್ತೆ ಕೆಳಗೆ ನೋಡಿದಳು. ಇಳಿಯಲು ಹೋಗಿ ತೂರಾಡಿದಳು, ನಾನು ಹಿಡಿದುಕೊಂಡೆ. ಆ ಮನೆಯಲ್ಲಿ ಆ ರಾತ್ರಿ ನಾನು ನೀರು ಕೂಡ ಮುಟ್ಟಲಿಲ್ಲ.

ಬೆಳಗ್ಗೆ ಬಂಡಿಯಲ್ಲಿ ಹೋಗಿ ನೋಡಿದರೆ ದಿಬ್ಬವೇ ಇರಲಿಲ್ಲ. ಕೆರೆಯಂಥ ತಗ್ಗು. ಅಂಚಿನಲ್ಲಿ ಎರಡು ಬಂಡಿಗಳು ಇನ್ನೂ ಮಣ್ಣು ತುಂಬುತ್ತಿದ್ದವು. ಮಣ್ಣಿನಲ್ಲಿ ಮಡಕೆಯ ಚೂರು, ಒಲೆಯ ಕಲ್ಲು, ಬಳೆಯ ತುಂಡು.

"ಏನ ಮಾಡಿದ್ಯೋ ಅಣ್ಣಾಸಾಹೇಬ!" ಅಂದರು ನಮ್ಮವರು.

"ಮಾತಿ ಆಹೆ ಕೀ ಸೋನಂ! ಮಣ್ಣಲ್ಲರೀ, ಬಂಗಾರ ಅದು. ನೀವ ಬಂದ ತೋರಿಸಿದ್ದು ಭಾಳ ಉಪಕಾರ ಆತು."

"ಎಲುಬು ಸಿಗಲಿಲ್ಲೇನೋ?"

"ಸಿಕ್ಕೂವರಿ. ಪ್ಯಾಟ್ಯಾಗ ಎಲುಬಿನ ಗೊಬ್ಬರಕ್ಕ ರೊಕ್ಕ ಕೊಡಬೇಕು. ಇದು ಫುಕಟ್." ಹೇಳಿ ನಕ್ಕ, ಪಿಚಕ್ಕನೆ ಉಗುಳಿದ. ಅದು ಎಲ್ಲಿ ಬಿತ್ತೆಂದು ನೋಡಲು ನನಗೆ ಧೈರ್ಯವಾಗಲಿಲ್ಲ.

ಊರು ಸುಟ್ಟರೂ ಹನುಮಪ್ಪ ಹೊರಗೆ ಅನ್ನುವ ಹಾಗೆ ಅವನಿಗೆ ಏನೂ ತಟ್ಟಿರಲಿಲ್ಲ. ನಮ್ಮವರು ಬೈದರು, ಕೂಗಾಡಿದರು. ಅವನು ನಿಜವಾಗಿಯೂ ಬೆರಗಾಗಿ ನೋಡಿದ. ಸರಕಾರಿ ಗಾಯರಾಣದ ಮಣ್ಣು, ಯಾರದೂ ಅಲ್ಲದ್ದು, ಊರೆಲ್ಲ ಒಯ್ದಿದೆ, ಇದಕ್ಕೆ ಇಷ್ಟೇಕೆ ಸಿಟ್ಟು ಅಂದ. ದುಷ್ಟರನ್ನಾದರೂ ಸಹಿಸಬಹುದು. ಹೇಸಿಗೆ ಮಾಡಿಯೂ ಅದು ಹೇಸಿಗೆಯೆಂದು ತಿಳಿಯದವರನ್ನು ಏನು ಮಾಡುವುದು?

ಅತ್ತೆ ಅವನನ್ನು ಕೇಳಿದ್ದು ಒಂದೇ ಮಾತು. "ನಮ್ಮಪ್ಪನ್ನ ಎಲ್ಲಿ ಹಾಕೀಪಾ?"

"ಹಳ್ಳದ ದಂಡಿ ಮಣ್ಣ ಹೌದಿಲ್ರಿ ಮಾಮಿ? ಅದು ನಮ್ಮ ಕೆಳಗಿನ ಪಟ್ಟಿಗೆ ಬಿದ್ದೈತಿ. ಅದರ ಕಬ್ಬ ಈಗ ಗಾಣದಾಗ ಐತಿ. ಬರ್ರಿ, ಬಿಸಿ ಬೆಲ್ಲ ತಿನ್ನೀರಂತ."

ಆ ಪಟ್ಟಿಗೆ ಹೋದೆವು. ಕಬ್ಬು ಕಡಿದ ಹೊಲ, ಕೂಳೆ ಮತ್ತು ಒಣಗರಿಯ ರವದಿ. ಅತ್ತೆ ಪತ್ರಿಯ ಗಂಟು ಬಿಚ್ಚಿ ಹಿಡಿದು ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ಎಲ್ಲಿ ಇಡಲೇ ಬಾಳಕ್ಕಾ?" ಅಂತ ನನ್ನನ್ನು ಕೇಳಿದಳು. ಗಂಟನ್ನು ಮತ್ತೆ ಕಟ್ಟಿದಳು. ಗಾಣದ ಹತ್ತಿರ ಅಣ್ಣಾಸಾಹೇಬ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿ ಮುಂದೆ ಹಿಡಿದ. ಆಕೆ ಅದರ ಬಣ್ಣವನ್ನೇ ಬಹಳ ಹೊತ್ತು ನೋಡಿ ಮುಖ ತಿರುಗಿಸಿದಳು. ಮುದುಕಿಗೆ ಹಲ್ಲಿಲ್ಲವೆಂದು ಅವನು ನಕ್ಕ.

ಶಹಾಪುರಕ್ಕೆ ಬಂದ ಮೇಲೆ ಮನೆಯವರು ಆ ನಕಾಶೆಯನ್ನು ಬಿಚ್ಚಲಿಲ್ಲ. ಅತ್ತೆ ಬೆಲ್ಲ ಮುಟ್ಟಲಿಲ್ಲ. ಹೋಳಿಗೆಯ ದಿನ ಬರೀ ಅನ್ನ ಉಂಡಳು. ಮಗನನ್ನು ಬೈಯಲಿಲ್ಲ, ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ೧೯೬೬ರ ಚಳಿಗಾಲದಲ್ಲಿ, ಕಾಂಡಿ ಸುತ್ತುತ್ತ ಕೂತಲ್ಲೇ ಗೋಡೆಗೆ ಒರಗಿ ತೀರಿಕೊಂಡಳು.

ಅತ್ತೆಯ ಮಣ್ಣಿಗೆ ಅಣ್ಣಾಸಾಹೇಬನೂ ಬಂದ. ಬರಿಗೈಯಲ್ಲಿ ಬರಬಾರದೆಂದು ಚೀಲದಲ್ಲಿ ಒಂದು ಬೆಲ್ಲದ ಪೆಂಟೆ. "ಕೆಳಗಿನ ಪಟ್ಟೀದರಿ. ಮಾಮಿ ಅವತ್ತ ತಿನ್ನಲಿಲ್ಲ, ಮನಸ್ಸಿಗಿ ಭಾಳ ಹತ್ತಿತ್ತು," ಅಂದ. ಸತ್ತವರ ಮನೆಗೆ ಬೆಲ್ಲ! ಅದನ್ನು ಗಟಾರಕ್ಕೆ ಎಸೆದು ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಚೀಲ ಎತ್ತಿಕೊಂಡು ಹಿತ್ತಲ ಬಾಗಿಲ ತನಕ ಹೋದೆ ಕೂಡ. ಅಲ್ಲಿ ನಿಂತೆ. ಎಸೆಯಲು ಕೈ ಬರಲಿಲ್ಲ.

ರುದ್ರಭೂಮಿಯಲ್ಲಿ ಅತ್ತೆಯನ್ನು ಕುಣಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಅಯ್ಯನವರು ಪತ್ರಿ ಕೇಳಿದರು. ನಾನು ಪತ್ರಿಯ ಬುಟ್ಟಿಯ ಜೊತೆಗೆ ಸೆರಗಿನೊಳಗಿನ ಪೆಂಟೆಯನ್ನೂ ಕೆಳಗೆ ಚಾಚಿದೆ. ಬಳಗದವರು ಗುಸುಗುಸು ಅಂದರು. ತನ್ನ ಬೆಲ್ಲಕ್ಕೆ ಇಷ್ಟು ಮರ್ಯಾದೆ ಸಿಕ್ಕಿತೆಂದು ಅಣ್ಣಾಸಾಹೇಬ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಇದೇನವ್ವಾ?" ಅಂದರು ಅಯ್ಯನವರು.

"ನಮ್ಮತ್ತಿಯವರ ತಂದಿ ರೀ," ಅಂದೆ. "ಇವರಿಗೂ ಪತ್ರಿ ಏರಸ್ರಿ."

ಅಯ್ಯನವರು ನನ್ನ ಮುಖ ನೋಡಿದರು. ಪೆಂಟೆಯನ್ನು ಎರಡೂ ಕೈಯಲ್ಲಿ ಇಳಿಸಿಕೊಂಡು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಕೆಯ ಮಗ್ಗುಲಿಗೆ ಇಟ್ಟರು.