ಸೀಫಸನ ಎರಡು ಕೋಟುಗಳು

ವೆಸ್ಟ್‌ಬೆಂಡಿನಲ್ಲಿ ನಮ್ಮ ಕರಿಯರ ಬೀದಿಗೆ ಟಾಲಿವರ್ ಯಜಮಾನರ ಉದ್ದನೆಯ ಕರೀ ಮೋಟಾರು ಗಾಡಿ ಬಂತೆಂದರೆ, ಎಲ್ಲರೂ ಮೊದಲು ನೋಡುತ್ತಿದ್ದದ್ದು ಅದನ್ನು ಓಡಿಸುವ ಸೀಫಸನ ಮೈಮೇಲಿನ ಕೋಟನ್ನು. ಕರೀ ಕೋಟಾದರೆ ಯಾರೋ ತೀರಿಕೊಂಡರು ಎಂದರ್ಥ. ಗಂಡಸರು ಟೋಪಿ ತೆಗೆದು ಎದ್ದು ನಿಲ್ಲುತ್ತಿದ್ದರು. ಬಿಳೀ ಕೋಟಾದರೆ ಯಾರಿಗೋ ಕಾಯಿಲೆ ಜೋರಾಗಿದೆ, ಆದರೆ ಇನ್ನೂ ಉಸಿರಿದೆ. ಹೆಂಗಸರು ಒದ್ದೆ ಕೈ ಒರೆಸಿಕೊಳ್ಳುತ್ತಾ ಓಡಿ ಬರುತ್ತಿದ್ದರು. ಗಾಡಿ ಒಂದೇ. ಹೆಣ ಸಾಗಿಸುವುದೂ ಅದೇ, ರೋಗಿಯನ್ನು ಸಾಗಿಸುವುದೂ ಅದೇ. ಬಿಳಿಯರ ಆಸ್ಪತ್ರೆಗೆ ಥಳಥಳ ಹೊಳೆಯುವ ಆಂಬುಲೆನ್ಸ್ ಇತ್ತು, ಇಲ್ಲವೆನ್ನುವ ಹಾಗಿಲ್ಲ. ಅದರ ಚಕ್ರ ಮಾತ್ರ ರೈಲುಹಳಿ ದಾಟಿ ನಮ್ಮ ಕಡೆ ಉರುಳಿದ್ದನ್ನು ಯಾರೂ ಕಂಡವರಿಲ್ಲ.

ಈ ಸೀಫಸ್ ಯುದ್ಧದ ಕಾಲದಲ್ಲಿ ಫ್ರಾನ್ಸಿನ ಕೆಸರಿನಲ್ಲಿ ಸೇನೆಯ ಆಂಬುಲೆನ್ಸ್ ಓಡಿಸಿದವನು. ಊರಿಗೆ ಬಂದವನೇ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಕೊಂಡು ಆ ಆಸ್ಪತ್ರೆಗೆ ಕೆಲಸ ಕೇಳಲು ಹೋದ.

"ಓಡಿಸೋದೇನೋ ಓಡಿಸ್ತೀಯ ಹುಡುಗಾ, ಒಳಗೆ ಮಲಗಿರೋರು ನಿನ್ನ ಮುಖ ನೋಡಿ ಎದ್ದು ಓಡಿಹೋದ್ರೆ ಏನು ಮಾಡೋದು?" ಎಂದು ಅಲ್ಲಿನ ಗುಮಾಸ್ತ ನಕ್ಕ. ಹುಡುಗನಂತೆ! ಆಗಲೇ ಸೀಫಸನ ಕಿವಿಯ ಮೇಲೆ ನರೆಗೂದಲು. ಸೀಫಸನೂ ನಕ್ಕು ಹೊರಬಂದ. ನಗದೆ ಇನ್ನೇನು ಮಾಡಬೇಕಿತ್ತು, ಹೇಳಿ?

ಕೊನೆಗೆ ಕೆಲಸ ಕೊಟ್ಟದ್ದು ನಮ್ಮವರೇ ಆದ, ಶವಸಂಸ್ಕಾರದ ಅಂಗಡಿ ಇಟ್ಟುಕೊಂಡಿದ್ದ ಟಾಲಿವರ್. ಕರೀ ಕೋಟು ಅವರು ಕೊಟ್ಟದ್ದು. ಬಿಳಿಯದನ್ನು ಸೀಫಸನ ಹೆಂಡತಿ ತಾನು ಸಾಯುವ ಮೊದಲು ಹಿಟ್ಟಿನ ಚೀಲಗಳನ್ನು ಬಿಚ್ಚಿ ಹೊಲಿದಿದ್ದಳು. ಎಷ್ಟು ಒಗೆದರೂ ಬೆನ್ನ ಮೇಲೆ ಹಿಟ್ಟಿನ ಗಿರಣಿಯ ಕೋಳಿಹುಂಜದ ಚಿತ್ರ ಮಸುಕಾಗಿ ಉಳಿದೇ ಇತ್ತು.

ಜೀವ ಇರುವಾಗಲೇ ಹೆಣದ ಗಾಡಿಯಲ್ಲಿ ಮಲಗುವುದೆಂದರೆ ಯಾರಿಗೆ ಎದೆ ನಡುಗುವುದಿಲ್ಲ? ಅದಕ್ಕೇ ಸೀಫಸ್ ಒಂದು ಪದ್ಧತಿ ಇಟ್ಟುಕೊಂಡಿದ್ದ. ಬಿಳೀ ಕೋಟಿನಲ್ಲಿದ್ದಾಗ ದಾರಿಯುದ್ದಕ್ಕೂ ಮಾತು: ಹವಾಮಾನ, ಬೇಸ್‌ಬಾಲ್, ಯಾರದೋ ಮನೆಯ ಹಂದಿ ಬೇಲಿ ಹಾರಿದ್ದು. ಹಿಂದೆ ಮಲಗಿದವರಿಗೆ ತಾವಿನ್ನೂ ಬದುಕಿದ್ದೇವೆ ಎಂದು ತಿಳಿಯಬೇಕು, ಅಷ್ಟೆ. ಕರೀ ಕೋಟಿನಲ್ಲಿದ್ದಾಗ ತುಟಿ ಪಿಟ್ಟೆನ್ನುತ್ತಿರಲಿಲ್ಲ. "ಸೀಫಸ್ ಬಾಯಿ ಮುಚ್ಚಿದ್ನೋ, ನಿನ್ನ ಕಥೆ ಮುಗೀತು ಅಂತ ತಿಳ್ಕೊ" ಎಂದು ಕ್ಷೌರದಂಗಡಿಯಲ್ಲಿ ಅವನನ್ನು ಗೋಳು ಹುಯ್ದುಕೊಳ್ಳುತ್ತಿದ್ದರು.

ಅವನಿಗಿದ್ದದ್ದು ಒಬ್ಬಳೇ ಮಗಳು, ಲುವೀನಿಯ. ಎಲ್ಲರ ಬಾಯಲ್ಲಿ ವೀನಿ. ಗಂಡ ಡೆಟ್ರಾಯಿಟಿನ ಕಾರ್ಖಾನೆಯಲ್ಲಿದ್ದುದರಿಂದ ಚೊಚ್ಚಲ ಹೆರಿಗೆಗೆ ಅಪ್ಪನ ಮನೆಗೆ ಬಂದಿದ್ದಳು.

ಆ ಆಗಸ್ಟಿನ ಶನಿವಾರ ಮಧ್ಯಾಹ್ನ ಸೀಫಸ್ ಸ್ಮಶಾನದಲ್ಲಿದ್ದ. ಯಾರದೋ ಮಣ್ಣು ಆಗಷ್ಟೇ ಮುಗಿದಿತ್ತು. ನೆರೆಮನೆಯ ಹೆಂಗಸು ಏದುಸಿರು ಬಿಡುತ್ತಾ ಓಡಿ ಬಂದಳು.

"ಸೀಫಸಣ್ಣಾ, ವೀನಿಗೆ ಹೆಣ್ಣಾಯ್ತು. ಮಗು ಚೆನ್ನಾಗಿದೆ. ಆದ್ರೆ ಅವಳಿಗೆ ರಕ್ತ ನಿಲ್ತಿಲ್ಲ. ಜಿಪೋರಾ ಅಜ್ಜಿ ಗಾಡಿ ತಗೊಂಡು ಬಾ ಅಂದ್ಲು. ಬೇಗ!"

ಸೀಫಸ್ ಗಾಡಿ ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ. ಮನೆಯ ಮೆಟ್ಟಿಲು ಹಾರಿ, ಕೋಣೆಯ ಬಾಗಿಲು ತಳ್ಳಿ ಒಳಗೆ ನಿಂತ. ವೀನಿ ದಿಂಬಿನ ಮೇಲಿಂದ ತಲೆ ಹೊರಳಿಸಿ ನೋಡಿದಳು. ಅವಳ ಕಣ್ಣು ಅಪ್ಪನ ಮುಖ ನೋಡಲಿಲ್ಲ, ಕೋಟು ನೋಡಿತು.

"ಅಪ್ಪಾ... ನಾನು ಹೋಗ್ಬಿಟ್ನಾ?"

ಅಯ್ಯೋ ದೇವರೇ! ಕರೀ ಕೋಟು ಮೈಮೇಲೇ ಉಳಿದುಬಿಟ್ಟಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ಆಗದ ತಪ್ಪು. ಸೀಫಸ್ ಗುಂಡಿ ಕಿತ್ತುಬರುವಂತೆ ಅದನ್ನು ಎಳೆದು ಕಿಟಕಿಯಾಚೆ ಎಸೆದ. ಓಡಿಹೋಗಿ ಗಾಡಿಯಿಂದ ಬಿಳಿಯದನ್ನು ತೆಗೆದು ತೊಟ್ಟು ಬಂದ. "ಇಲ್ಲ ಕಂದಾ, ಇಲ್ಲ ಕಣೇ. ಅಪ್ಪನಿಗೆ ಬುದ್ಧಿ ನೆಟ್ಟಗಿಲ್ಲ. ನೋಡಿಲ್ಲಿ, ಬಿಳೀದು. ನಿಮ್ಮಮ್ಮ ಹೊಲಿದಿದ್ದು. ನೋಡು."

"ಮಾತು ಆಮೇಲೆ, ಮೊದಲು ಎತ್ತು" ಎಂದಳು ಸೂಲಗಿತ್ತಿ ಜಿಪೋರಾ ಅಜ್ಜಿ. ಅರ್ಧ ಊರನ್ನು ಭೂಮಿಗೆ ತಂದ ಕೈ ಅವಳದು. ಮಗುವನ್ನು ನೆರೆಯವಳ ತೋಳಿಗೆ ಹಾಕಿ, ಅವಳೂ ವೀನಿಯ ಪಕ್ಕ ಗಾಡಿ ಹತ್ತಿದಳು.

ಆಸ್ಪತ್ರೆಯ ಹಿಂಬಾಗಿಲು ನಮ್ಮವರಿಗೆ. ಒಳಗೆ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ, ನಮ್ಮವರಿಗೆಂದು ನಾಲ್ಕು ಹಾಸಿಗೆ. ಕದ ತೆರೆದ ನರ್ಸು ಹುಡುಗಿಗೆ ವೀನಿಯಷ್ಟೇ ವಯಸ್ಸು.

"ಕೆಳಗೆ ತುಂಬಿದೆ" ಎಂದಳು.

"ಅಮ್ಮಾವ್ರೇ, ಮೇಲೆ ಕಿಟಕಿಯಲ್ಲಿ ಕಾಣ್ತಿದೆಯಲ್ಲ, ಹಾಸಿಗೆ ಖಾಲಿ..."

"ಅದು ನಿಮ್ಮವರದಲ್ಲ."

"ಹಾಸಿಗೆ ಬೇಡ ಅಮ್ಮಾ. ನೆಲದ ಮೇಲೇ ಮಲಗಿಸ್ತೀನಿ. ಡಾಕ್ಟ್ರು ಒಂದ್ಸಲ ನೋಡ್ಲಿ. ರಕ್ತ ಕೊಡ್ಬೇಕು ಅಂದ್ರೆ ನನ್ನದೇ ತಗೊಳ್ಳಿ."

ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಒಂದಷ್ಟು ಒಗೆದ ಟವೆಲ್ ಅವನ ಕೈಗಿಟ್ಟು, "ಮಾಂಟ್ಗಮರಿಗೆ ಕರ್ಕೊಂಡು ಹೋಗು. ಅಲ್ಲಿ ನಿಮ್ಮವರದ್ದು ದೊಡ್ಡದಿದೆ" ಎಂದು ಕದ ಹಾಕಿಕೊಂಡಳು. ಕದ ಒಡೆಯಬಹುದಿತ್ತು. ಒಡೆದರೆ ಪೊಲೀಸರು ಬರುತ್ತಾರೆ, ಡಾಕ್ಟರಲ್ಲ. ಸೀಫಸ್ ಟವೆಲ್ ಹಿಡಿದುಕೊಂಡು ಗಾಡಿಗೆ ಮರಳಿದ.

ಮಾಂಟ್ಗಮರಿಗೆ ಎರಡು ಗಂಟೆಯ ದಾರಿ. ಎರಡೂ ಕಡೆ ಹತ್ತಿಯ ಹೊಲ, ಕಣ್ಣು ಕುಕ್ಕುವ ಬಿಸಿಲು. ಸೀಫಸ್ ಮಾತು ಶುರುಮಾಡಿದ.

"ವೀನಿ, ನೆನಪಿದ್ಯಾ? ಕಣ್ಣಾಮುಚ್ಚಾಲೆ ಆಡ್ತಾ ಇದೇ ಗಾಡೀಲಿ ಬಚ್ಚಿಟ್ಕೊಂಡು ನಿದ್ದೆ ಹೋಗಿದ್ದೆ. ಟಾಲಿವರ್ ಯಜಮಾನ್ರು ಬಾಗಿಲು ತೆಗೆದ್ರೆ, ಒಳಗಿಂದ ನೀನು ಎದ್ದು ಕೂತು, ಊಟ ಆಯ್ತಾ ಅಂದೆ!"

"ಹೂಂ..." ಹಿಂದಿನಿಂದ ಸಣ್ಣ ನಗು ಬಂತು. "ಅವ್ರ ಟೋಪಿ ಹಾರಿ ಬಿತ್ತು."

"ಟೋಪಿ ಏನು ಬಂತು, ಅವ್ರೇ ಬಿದ್ರು! ಆಮೇಲೆ ಬೇಯಿಸಿದ ಕಡ್ಲೆಕಾಯಿ ಕೊಡಿಸಿ ಸಮಾಧಾನ ಮಾಡಿದೆ. ನಿನಗಲ್ಲ, ಅವ್ರಿಗೆ. ಕೇಳಿಸ್ತಾ?"

"ಹೂಂ, ಅಪ್ಪ."

ಹೀಗೇ ನಡೆಯಿತು. ಹೂಂ ಅನ್ನುವುದು ತಡವಾಗತೊಡಗಿತು, ಸಣ್ಣದಾಗತೊಡಗಿತು. ಸೀಫಸ್ ದನಿ ಏರಿಸಿದ. ಮಗುವಿಗೆ ಹೆಸರೇನಿಡೋಣ ಎಂದು ಕೇಳಿದ. ಅಜ್ಜಿಯ ಹೆಸರು ಬೇಡ, ಹಳೇ ಕಾಲದ್ದು ಎಂದು ತಾನೇ ಉತ್ತರಿಸಿದ. ಊರು ಬಂತು ನೋಡು, ಸೇತುವೆ ದಾಟಿದರೆ ಮುಗೀತು ಎಂದ. ಸೇತುವೆ ಇನ್ನೂ ಎಷ್ಟೋ ದೂರವಿತ್ತು.

ಹಿಂದಿನಿಂದ ಜಿಪೋರಾ ಅಜ್ಜಿ ಅವನ ಹೆಗಲ ಮೇಲೆ ಕೈಯಿಟ್ಟಳು. "ಸಾಕು ಮಗಾ. ಗಾಡಿ ತಿರುಗಿಸು."

ಅವನು ಗಾಡಿ ನಿಲ್ಲಿಸಲಿಲ್ಲ. ಮಾತೂ ನಿಲ್ಲಿಸಲಿಲ್ಲ. ಸೇತುವೆ ದಾಟಿ, ಆಸ್ಪತ್ರೆಯ ಬಾಗಿಲಿನ ತನಕ ಹೋಗಿ, ಅಲ್ಲಿನ ಡಾಕ್ಟರು ತಲೆ ಅಲ್ಲಾಡಿಸಿದ ಮೇಲೇ ಬಾಯಿ ಮುಚ್ಚಿದ.

ಸೋಮವಾರ ಸಂಜೆ ಚರ್ಚಿನಲ್ಲಿ ಜನ ಸೇರಿದರು. ನಮ್ಮ ಪಾದ್ರಿ ಮಾಂಟ್ಗಮರಿಯಿಂದ ವಕೀಲರೊಬ್ಬರನ್ನು ಕರೆಸಿದ್ದರು. ಆಸ್ಪತ್ರೆಯವರ ಮೇಲೆ ಕೋರ್ಟಿಗೆ ಹೋಗೋಣ, ಖಾಲಿ ಹಾಸಿಗೆಯನ್ನು ಕಣ್ಣಾರೆ ಕಂಡವನು ನಮ್ಮ ಮಧ್ಯೆಯೇ ಇದ್ದಾನೆ ಎಂದು ವಕೀಲರು ಹೇಳಿದಾಗ ಬೆಂಚುಗಳಿಂದ "ಆಮೆನ್" ಎದ್ದಿತು. ಎಲ್ಲರೂ ಸೀಫಸನ ಕಡೆ ತಿರುಗಿದರು.

ಸೀಫಸ್ ಎದ್ದು ನಿಂತ. "ಅವ್ರದ್ದೇನೂ ತಪ್ಪಿಲ್ಲ. ನಾನು ಕರೀ ಕೋಟು ಹಾಕ್ಕೊಂಡು ಹೋದೆ. ಅದನ್ನ ನೋಡಿ ನನ್ನ ಮಗಳು ಧೈರ್ಯ ಬಿಟ್ಬಿಟ್ಲು. ಕೊಂದಿದ್ದು ನಾನು."

"ಸೀಫಸಣ್ಣಾ, ಕೋಟು ಯಾರನ್ನಾದ್ರೂ ಕೊಲ್ಲುತ್ತಾ?" ಎಂದರು ಪಾದ್ರಿ. ವಕೀಲರು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ಜಿಪೋರಾ ಅಜ್ಜಿ ಬೈದೂ ನೋಡಿದಳು. "ತಪ್ಪು ನನ್ನದು" ಎನ್ನುವುದೊಂದೇ ಅವನ ಉತ್ತರ. ಇಂಥ ಸಾಕ್ಷಿಯನ್ನು ಕೋರ್ಟಿಗೆ ಹತ್ತಿಸುವುದು ಹೇಗೆ? ವಕೀಲರು ಬ್ಯಾಗು ಮುಚ್ಚಿದರು. ಕದ ಹಾಕಿಕೊಂಡವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಕದದ ಹೊರಗೆ ನಿಂತವನು ತಪ್ಪು ನನ್ನದು ಎಂದು ಎದೆ ಬಡಿದುಕೊಳ್ಳುತ್ತಾನೆ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಬುಧವಾರ ವೀನಿಯ ದೇಹವನ್ನು ಸ್ಮಶಾನಕ್ಕೆ ಒಯ್ಯಬೇಕಿತ್ತು. ಟಾಲಿವರ್ ಯಜಮಾನರು ಕರೀ ಕೋಟಿಗೆ ಹೊಸ ಗುಂಡಿ ಹಾಕಿಸಿ, ಬ್ರಶ್ ಮಾಡಿ ತಂದರು. "ಬೇಕಾದ್ರೆ ಇವತ್ತು ನಾನೇ ಓಡಿಸ್ತೀನಪ್ಪಾ" ಎಂದರು. ಸೀಫಸ್ ಬೇಡವೆಂದ. ಹಿಟ್ಟಿನ ಚೀಲದ ಬಿಳೀ ಕೋಟು ತೊಟ್ಟು ಸ್ಟಿಯರಿಂಗ್ ಹಿಂದೆ ಕೂತ. ಒಗೆದರೂ ಹೋಗದ ರಕ್ತದ ಕಲೆ ತೋಳಿನ ಮೇಲೆ ಕಂದಾಗಿ ಉಳಿದಿತ್ತು.

ಗಾಡಿ ನಿಧಾನಕ್ಕೆ ಹೊರಟಿತು. ನಾವು ಹಿಂದೆ ನಡೆದೆವು. ಕಿಟಕಿಯ ಗಾಜು ಇಳಿಸಿತ್ತು. ಅವನ ದನಿ ನಮಗೆಲ್ಲ ಕೇಳಿಸುತ್ತಿತ್ತು.

"ಪಾಪು ನಿನ್ನ ಹಾಗೇ ಕಣೇ ವೀನಿ. ಹಾಲು ಕುಡಿಯೋವಾಗ ಮುಷ್ಟಿ ಕಟ್ಕೊಳ್ಳುತ್ತೆ. ನಿನ್ನ ಗಂಡ ರಾತ್ರಿ ರೈಲಿಗೆ ಬಂದ, ಪಾಪ, ಇನ್ನೂ ಊಟ ಮಾಡಿಲ್ಲ. ಬಿಸಿಲು ಜಾಸ್ತಿ ಆಯ್ತಾ? ಇಲ್ಲೇ ಬಂತು, ಇನ್ನೊಂದು ತಿರುವು..."

ಸ್ಮಶಾನದ ಗೇಟಿನಲ್ಲಿ ಎಂಜಿನ್ ನಿಂತಿತು. ಟಾಲಿವರ್ ಯಜಮಾನರು ಹಿಂಬಾಗಿಲ ಹಿಡಿಗೆ ಕೈಹಾಕಿದವರು, ಮುಂದಿನ ಸೀಟಿನಲ್ಲಿ ಸೀಫಸನ ಮಾತು ಇನ್ನೂ ಮುಗಿದಿಲ್ಲವೆಂದು ಗೊತ್ತಾಗಿ ತೆರೆಯದೆ ನಿಂತರು. ನಾವೂ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಿಸಿಲಲ್ಲಿ ಕಾದೆವು.