ಅರ್ಜಿಯಲ್ಲಿ ಬರೆಯದ ಹೆಸರು

ಮಾವ, ಕ್ಯೋಟೋದ ಆ ಅರಮನೆಯ ತೋಟಕ್ಕೆ ನಿಮ್ಮನ್ನು ಬಿಡಲಿಲ್ಲವಲ್ಲ — ತಡೆದದ್ದು ಜಪಾನಿನವರಲ್ಲ, ನಾನು. ಅರ್ಜಿಯಲ್ಲಿ ನಿಮ್ಮ ಹೆಸರನ್ನೇ ನಾನು ಬರೆದಿರಲಿಲ್ಲ. ಎಪ್ಪತ್ತು ದಾಟಿದವರಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಹುಟ್ಟಿಸಿದವನೂ ನಾನೇ.

ಚಕ್ರವರ್ತಿಯ ಮನೆತನದ ಆ ಹಳೆಯ ವಿಲ್ಲಾಕ್ಕೆ ಸುಮ್ಮನೆ ನುಗ್ಗುವಂತಿಲ್ಲ. ಒಬ್ಬೊಬ್ಬರ ಹೆಸರೂ ಕೊಟ್ಟು ಅನುಮತಿ ಪಡೆಯಬೇಕು, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಡಚ್ಚರ ಊರಾದ ವೆಲ್ಡ್‌ಹೋವನ್‌ನ ನಮ್ಮ ಮನೆಯ ಊಟದ ಮೇಜಿನಲ್ಲಿ ಕುಳಿತು ನನ್ನ ಹೆಸರು ತುಂಬಿದೆ, ನಿಮ್ಮ ಮಗಳು ಸುಮಾಳದು ತುಂಬಿದೆ. ಊರಿಂದ ನಮ್ಮಲ್ಲಿಗೆ ಬಂದಿದ್ದ ನೀವು ಎದುರಿಗೇ ಬೀನ್ಸ್ ಹೆಚ್ಚುತ್ತಾ, ಆ ತೋಟದ ಕೊಳ, ಕಲ್ಲುಹಾದಿಗಳನ್ನು ಉಡುಪಿಯ ಶಾಲೆಯಲ್ಲಿ ವರ್ಷವರ್ಷವೂ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಿದ್ದುದನ್ನು ಹೇಳುತ್ತಿದ್ದಿರಿ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಯಾಕೆಂದರೆ — ನನಗೆ ನಿಮ್ಮ ಬಗ್ಗೆ ನಾಚಿಕೆ. ಎಲ್ಲಿ ಹೋದರೂ ಗಿಡದ ಗೆಲ್ಲು ಮುರಿದು ಜೇಬಿಗಿಳಿಸುವ ನಿಮ್ಮ ಚಾಳಿ. "ಕದ್ದು ತಂದ ಗೆಲ್ಲೇ ಬೇಗ ಚಿಗುರುವುದು ಮಾರಾಯ್ರೆ" ಎಂದು ಅದಕ್ಕೊಂದು ಶಾಸ್ತ್ರ ಬೇರೆ. ಪಕ್ಕದ ಮನೆಯ ಡಚ್ ಅಜ್ಜಿಯ ಹೈಡ್ರೇಂಜಿಯಾ ಹೂಗಿಡದ ಗೆಲ್ಲು ಮುರಿದಿರಿ. ಅವರು ನಕ್ಕು, ಮರುದಿನ ಕುಂಡವನ್ನೇ ತಂದುಕೊಟ್ಟರು. ಸಿಡುಕಿದವನು ನಾನೊಬ್ಬನೇ. ಸೈಕಲ್ಲಿನಲ್ಲಿ ಆಫೀಸಿಗೆ ಹೋಗಿ, ವಾರಕ್ಕೊಮ್ಮೆ ಹುಲ್ಲು ಕತ್ತರಿಸಿ ನಾಗರಿಕನಾದವನು! ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ — ಆ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಆಫೀಸಿನ ಕೆಲಸಕ್ಕೆ ನಾನು ಜಪಾನಿಗೆ ಹೊರಟಾಗ ನೀವು, ಸುಮಾ ಇಬ್ಬರೂ ಜೊತೆಗೆ ಬಂದಿರಿ. ಆ ಬಾಗಿಲಲ್ಲಿ ನನ್ನ ಸುಳ್ಳು ಕೇಳಿ ನೀವು ಅಂದದ್ದು ಇಷ್ಟೇ: "ನೀವು ಹೋಗಿ ಬನ್ನಿ. ನಾನು ಇಲ್ಲೇ ಕೂತಿರ್ತೇನೆ."

ಒಳಗೆ ಒಂದು ತಾಸು ನಡೆದೆ. ಏನು ನೋಡಿದೆ? ಫೋನಿನ ಪರದೆ. ಕೊಳದ ಮುಂದೆ ನಾನು, ಚಹಾದ ಮನೆಯ ಮುಂದೆ ನಾನು — ಥೂ. "ಅಪ್ಪ ಇರಬೇಕಿತ್ತು" ಎಂದು ಸುಮಾ ಕಣ್ಣೊರೆಸಿಕೊಂಡಳು. "ಏನ್ ಮಾಡೋದು, ರೂಲ್ಸ್ ಅಲ್ವಾ" ಎಂದೆ. ಎಷ್ಟು ಸಲೀಸಾಗಿ ಎಂದೆ!

ಹೊರಗೆ ಬಂದರೆ ನೀವು ಬೇಲಿಯ ಮುಂದೆ ನಿಂತಿದ್ದಿರಿ. "ಬಿದಿರು ಕಡಿಯಲೇ ಇಲ್ಲ ನೋಡಿ, ಬದುಕಿದ್ದ ಹಾಗೇ ಬಗ್ಗಿಸಿ ನೇಯ್ದಿದ್ದಾರೆ" ಎಂದಿರಿ. ನಾನು ನಿಮ್ಮ ಜೇಬು ನೋಡಿದೆ — ಹೌದು, ಆಗಲೂ ಜೇಬನ್ನೇ. ನಿಮಗದು ತಿಳಿಯಿತು.

"ಇಲ್ಲ ಮಾರಾಯ್ರೆ. ಇದನ್ನೆಲ್ಲ ಮುಟ್ಟಬಾರದು."

ಊರಿಗೆ ಹೋದ ಮೇಲೆ ನೀವು ಕಂಡಕಂಡವರಿಗೆ ಹೇಳಿದಿರಂತೆ, "ನಮ್ಮ ಅಳಿಯ ತುಂಬಾ ಪ್ರಯತ್ನ ಮಾಡಿದ್ರು ಪಾಪ" ಎಂದು. ಅದನ್ನು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಹೋದ ವರ್ಷ ನಿಮ್ಮ ಕಣ್ಣು ಹೋಯಿತು. ಇನ್ನು ನೂರು ಅರ್ಜಿಗಳಲ್ಲಿ ನಿಮ್ಮ ಹೆಸರು ಬರೆದರೂ ಆ ತೋಟ ನಿಮಗೆ ಕಾಣುವುದಿಲ್ಲ.

ನಿನ್ನೆ ಸುಮಾಳಿಗೆ ಎಲ್ಲವನ್ನೂ ಹೇಳಿದೆ. "ಅಪ್ಪಂಗೆ ನಾನು ಹೇಳಲ್ಲ. ನೀವೇ ಹೇಳಿ" ಎಂದಳು.

ಈ ಕಾಗದವನ್ನು ಅಂಚೆಗೆ ಹಾಕಿದರೆ ಪಕ್ಕದ ಮನೆಯವರು ಯಾರೋ ನಿಮಗೆ ಓದಿ ಹೇಳಬೇಕಾಗುತ್ತದೆ. ಅದು ಬೇಡ. ಶನಿವಾರ ಹೊರಡುತ್ತೇನೆ ಮಾವ. ನಿಮ್ಮ ಎದುರು ಕುಳಿತು ನಾನೇ ಓದುತ್ತೇನೆ — ಮೊದಲ ಸಾಲಿನಿಂದ.