ನಿಧಾನಕ್ಕನ ಮೂರು ನಿಮಿಷ

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಆಕೆಗೆ ಚೆಸ್ ಕ್ಲಬ್ಬಿನವರು ಇಟ್ಟ ಹೆಸರು ನಿಧಾನಕ್ಕ. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ, ಬಿಡಿ. ಮರದ ಹಲಗೆಯ ಮುಂದೆ ಎರಡು ಗಂಟೆಯ ಆಟಕ್ಕೆ ಕೂತರೆ ಕ್ಲಬ್ಬಿನ ಘಟಾನುಘಟಿಗಳಿಗೂ ಬೆವರಿಳಿಸುತ್ತಿದ್ದಳು. ಅದೇ ಆಕೆಯನ್ನು ಕಂಪ್ಯೂಟರಿನ ಮುಂದೆ ಮೂರು ನಿಮಿಷದ ಆಟಕ್ಕೆ ಕೂರಿಸಿದರೆ ಕತೆ ಮುಗಿಯಿತು. ಅಲ್ಲಿ ಒಬ್ಬೊಬ್ಬರಿಗೆ ಸಿಗುವುದು ಮೂರೇ ನಿಮಿಷ. ಅದು ತೀರಿತೋ, ಎಷ್ಟೇ ಗೆಲ್ಲುವ ಆಟವಾಗಿದ್ದರೂ ಸೋತಂತೆಯೇ ಲೆಕ್ಕ. ಆಕೆ ಸೋಲುತ್ತಿದ್ದುದೆಲ್ಲ ಹೀಗೆಯೇ. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ.

ಈ ವರ್ಷ ಕ್ಲಬ್ಬು ಇಂಥದ್ದೇ ಒಂದು ಪಂದ್ಯಾವಳಿಗೆ ಸೇರಿತ್ತು. ತಂಡದಲ್ಲಿ ನಾಲ್ಕು ಜಾಗ, ಮೂರು ಆಗಲೇ ಭರ್ತಿ. ನಾಲ್ಕನೆಯದರ ಮೇಲೆ ಆಕೆಗೆ ಆಸೆ. ಇಷ್ಟು ವರ್ಷ ಕ್ಲಬ್ಬಿನ ಕುರ್ಚಿ ಸವೆಸಿದವಳು ಒಮ್ಮೆಯಾದರೂ ತಂಡಕ್ಕೆ ಆಡಬೇಕು ಅಂದುಕೊಂಡರೆ ಅದರಲ್ಲಿ ತಪ್ಪೇನಿದೆ? ಕಾರ್ಯದರ್ಶಿ, ಬೇಕರಿ ಇಟ್ಟುಕೊಂಡವರು, ಒಳ್ಳೆಯ ಮನುಷ್ಯರೇ. ಮೊದಲ ಪಂದ್ಯಕ್ಕೆ ಹಾಕಿಕೊಳ್ಳುತ್ತೇನೆ, ಅಲ್ಲೂ ಗಡಿಯಾರಕ್ಕೆ ಸೋತರೆ ಜಾಗ ಬೇರೆಯವರಿಗೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಬನ್ನಿನ ಪೊಟ್ಟಣ ಕೈಗಿಟ್ಟು ಹೇಳಿದರು.

ಅಂದಿನಿಂದ ಸಂಜೆಯಾದರೆ ಅಭ್ಯಾಸವೇ ಅಭ್ಯಾಸ. ಹೊಸ ಮೌಸ್ ಬಂತು, ಆರಂಭದ ನಡೆಗಳು ಬಾಯಿಪಾಠವಾದವು. ಆದರೂ ನಡುವಿನಲ್ಲಿ ಎರಡು ಒಳ್ಳೆಯ ನಡೆ ಕಂಡರೆ ಸಾಕು, ಆನೆಯೋ ಕುದುರೆಯೋ ಎಂದು ಮೀನಮೇಷ ಎಣಿಸುತ್ತ ಕೂತುಬಿಡುವಳು. ಸೋತ ಮೇಲೂ ಏಳುತ್ತಿರಲಿಲ್ಲ. ಇನ್ನೊಂದು ನಡೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಕಂಪ್ಯೂಟರಿನ ಚೆಸ್ ಯಂತ್ರವನ್ನು ಕೇಳುತ್ತಿದ್ದಳು; ಯಾವ ನಡೆ ಎಷ್ಟು ಒಳ್ಳೆಯದು ಎಂದು ಅದು ಒಂದೊಂದಕ್ಕೂ ಅಂಕಿ ಕೊಡುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಬಟಾಣಿ ಸುಲಿಯುವ ಅತ್ತೆ ಊಟಕ್ಕೆ ಕರೆದು ಕರೆದು ಸಾಕಾಗಿ, ನಿಧಾನವೇ ಪ್ರಧಾನ ತಾಯಿ, ಆರಿದ್ದೇ ತಿನ್ನೋಣ ಎಂದು ಗೊಣಗುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅತ್ತೆಯ ಕನ್ನಡಕ ಹಳೆಯದಾಗಿತ್ತು, ಕರೆಸಿ ಪರೀಕ್ಷೆಗೆ ಕೂರಿಸಿದಳು. ಮೊದಮೊದಲು ದೊಡ್ಡ ವ್ಯತ್ಯಾಸದ ಲೆನ್ಸುಗಳಲ್ಲಿ ಅತ್ತೆ ಪಟಪಟನೆ ಉತ್ತರ ಕೊಟ್ಟರು. ಕೊನೆಗೆ ತೀರ ಸಣ್ಣ ವ್ಯತ್ಯಾಸದ ಎರಡು ಲೆನ್ಸು ಹಿಡಿದು ಇದಾ, ಅದಾ ಎಂದು ಕೇಳಿದಾಗ ತಡವರಿಸಿದರು. ಇದು ಅಂದರು, ಅಲ್ಲ ಅದು ಅಂದರು, ಇನ್ನೊಂದು ಸಲ ತೋರಿಸು ಅಂದರು.

"ಎರಡೂ ಒಂದೇ ಥರ ಕಾಣ್ತಿದ್ರೆ ಒಳ್ಳೇದೇ ಅತ್ತೆ," ಎಂದಳು ಆಕೆ. "ಸರಿಯಾದ ನಂಬರ್ ಸಿಕ್ತು ಅಂತ ಅರ್ಥ. ಇನ್ನೂ ನೋಡ್ತಾ ಕೂತ್ರೆ ಕಣ್ಣು ಸೋಲುತ್ತೆ ಅಷ್ಟೇ."

ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು ಹೊತ್ತಿದ್ದ ಅತ್ತೆ ತಲೆ ಎತ್ತಿದರು. "ಮತ್ತೆ ಮನೇಲಿ ಆನೆಯೋ ಕುದುರೆಯೋ ಅಂತ ಒದ್ದಾಡ್ತೀಯಲ್ಲ, ಅದ್ಯಾಕೆ?"

ಆಕೆ ಲೆನ್ಸು ಕೆಳಗಿಟ್ಟಳು. ಬಂದ ಗಿರಾಕಿಗಳಿಗೆಲ್ಲ ಹೇಳುವ ಮಾತು ಅದು. ಊರಿಗೆಲ್ಲ ಹಂಚಿದ ಬುದ್ಧಿ ಸ್ವಂತ ಮನೆಯ ಹೊಸ್ತಿಲು ದಾಟಿರಲಿಲ್ಲ, ನೋಡಿ.

ಆ ಸಂಜೆಯೇ ಕಂಡ ಮೊದಲ ನಡೆಯನ್ನು ಇಟ್ಟುಬಿಟ್ಟಳು. ಎದುರಾಳಿ ಮಂತ್ರಿಯನ್ನು ಪುಕ್ಕಟೆ ಹೊಡೆದುಕೊಂಡು ಹೋದ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ತಟ್ಟೆ ಒರೆಸುತ್ತ ಯೋಚಿಸಿದಾಗ ಹೊಳೆಯಿತು: ಅಂಗಡಿಯಲ್ಲೂ ತಾನು ನೇರವಾಗಿ ಕೊನೆಯ ಪ್ರಶ್ನೆಗೆ ಹೋಗುವುದಿಲ್ಲ, ಮೊದಲು ದೊಡ್ಡ ಮಸುಕು ತೆಗೆಯುತ್ತೇನೆ. ಆಮೇಲಿಂದ ಪ್ರತಿ ನಡೆಗೂ ಮೊದಲು ಎದುರಾಳಿ ಏನನ್ನು ಹೊಡೆಯಲಿದ್ದಾನೆ ಎಂದು ನೋಡುವಳು. ಅದು ತಿಳಿಯಾದ ಮೇಲೂ ಎರಡು ನಡೆ ಸರಿಸಮ ಕಂಡರೆ ಮೊದಲು ಕಂಡದ್ದನ್ನೇ ಇಡುವಳು. ಗೆಲುವು ಸೋಲು ನೋಡಿ ಕಂಪ್ಯೂಟರು ಕೊಡುವ ಅಂಕ ಒಮ್ಮೆ ಏರಿತು, ಒಮ್ಮೆ ಜಾರಿತು, ಒಟ್ಟಿನಲ್ಲಿ ಮೇಲಕ್ಕೇ ಹೋಯಿತು.

ಪಂದ್ಯ ಭಾನುವಾರ ಬೆಳಿಗ್ಗೆ. ನಾಲ್ವರೂ ಅವರವರ ಮನೆಯಿಂದಲೇ ಆಡುವುದು. ಅತ್ತೆ ಹೊಸ ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕೂತರು. ಆಟ ಅರ್ಧ ದಾಟಿದಾಗ ಆಕೆಯದು ಒಂದು ಕಾಲಾಳು ಹೆಚ್ಚಿತ್ತು, ಸಮಯ ಮಾತ್ರ ಕಡಿಮೆ. ಆಗಲೇ ಬಂತು ನೋಡಿ, ಅದೇ ಹಳೆಯ ಪೀಡೆ. ಆನೆಯನ್ನು ಮುಂದಕ್ಕೆ ತಳ್ಳಬಹುದು, ಕುದುರೆಯನ್ನು ನಡುವಿಗೆ ತರಬಹುದು. ಏನಾದರೂ ಹೊಡೆತ ಇದೆಯೇ? ಇಲ್ಲ. ಎರಡೂ ಒಂದೇ, ಎಂದು ಗಟ್ಟಿಯಾಗಿಯೇ ಅಂದು ಆನೆಯನ್ನು ತಳ್ಳಿದಳು.

ಈಗ ಯೋಚನೆಗೆ ಬಿದ್ದವನು ಎದುರಾಳಿ. ಅವನ ಗಡಿಯಾರ ಇಳಿಯುತ್ತಲೇ ಇತ್ತು. ಅವಸರದಲ್ಲಿ ಇನ್ನೂ ನಾಲ್ಕಾರು ನಡೆ ಇಟ್ಟ, ಅಷ್ಟರಲ್ಲಿ ಸಮಯ ತೀರಿತು. ಗಡಿಯಾರದಿಂದ ಆಕೆ ಗೆದ್ದದ್ದು ಅದೇ ಮೊದಲು! ಹಿಗ್ಗಿನಿಂದ ಕಣ್ಣು ಒದ್ದೆಯಾಯಿತು. ಮುಂದಿನ ವಾರಕ್ಕೂ ನೀವೇ ಎಂದು ಬೇಕರಿಯವರ ಸಂದೇಶ ಬಂತು.

ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಕುದುರೆ ಇಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೇನೋ ಎಂದು ಯಂತ್ರದಲ್ಲಿ ಆಟ ತೆರೆದಳು. ಆನೆಯ ನಡೆಯ ಎದುರು ಒಂದು ಅಂಕಿ ಬಂತು, ಕುದುರೆಯ ನಡೆಯ ಎದುರೂ ಒಂದು ಬಂತು. ಅತ್ತೆ ಕೂತಲ್ಲಿಂದಲೇ ಓದಿದರು.

"ಎರಡಕ್ಕೂ ಒಂದೇ ನಂಬರ್ ಕಣೇ. ಏಳು, ಊಟ ಮಾಡೋಣ."

ನಿಧಾನಕ್ಕ ಒಂದೇ ಮಾತಿಗೆ ಎದ್ದಳು. ಆ ದಿನ ಊಟ ಬಿಸಿಯಾಗಿತ್ತು.